ಹಸನ ಮಾಡಿದ ಹೊಲ

ಟೌರಂಗಾ, ನ್ಯೂಜಿಲೆಂಡ್
೧೮ ಫೆಬ್ರವರಿ ೨೦೨೫

ಪ್ರೀತಿಯ ಅಮ್ಜದ್ ಭಾಯಿಗೆ,

ಸಲಾಂ. ನಿನ್ನ ಮೊಣಕಾಲು ನೋವು ಹೇಗಿದೆ? ಶಿರೀನ್ ಭಾಬಿಯ ಕೆಮ್ಮು ಹೊಗೆಯಿಂದ ಹೆಚ್ಚಾಗಿದೆಯಂತೆ. ಯಾವ ಹೊಗೆ ಎಂದು ನಿನಗೆ ಗೊತ್ತು. ಅದಕ್ಕೇ ಈ ಕಾಗದ. ಫೋನಿನಲ್ಲಿ ದನಿ ಏರಿಸಿದರೆ ಸಿಗ್ನಲ್ ಇಲ್ಲ ಎಂದು ಇಟ್ಟುಬಿಡುತ್ತೀ. ಕಾಗದಕ್ಕೆ ಸಿಗ್ನಲ್ ಬೇಡ. ನಾನು, ಹಾರೂನ್, ಮಕ್ಕಳು ಎಲ್ಲರೂ ಇಲ್ಲಿ ಆರಾಮವಾಗಿದ್ದೇವೆ.

ಅಬ್ಬಾ ನನ್ನ ಪಾಲಿಗೆ ಬಿಟ್ಟ ಎರಡು ಎಕರೆಯ ಕಬ್ಬು ಕಟಾವಾದ ಮೇಲೆ ಫೋಟೋ ಕಳಿಸಿದ್ದೆಯಲ್ಲ, ಉದ್ದಕ್ಕೂ ಕರಿ ಬೂದಿ. ನನ್ನ ಮಗಳು ನೋಡಿ “ಬುಶ್‌ಫೈರ್?” ಅಂದಳು. ಕೆಳಗೆ ನೀನು “ಹೊಲ ಹಸನ ಮಾಡೀನಿ” ಎಂದು ಹೆಮ್ಮೆಯಿಂದ ಬರೆದಿದ್ದೆ. ಒಣಗರಿ ರವದಿಗೆ ಯಾಕೆ ಬೆಂಕಿ ಹಚ್ಚಿದೆ ಎಂದು ಕೇಳಿದರೆ, “ಹಸನ ಇಡು ಅಂತ ನೀನ ಹೇಳಿದ್ದೆಲ್ಲಾ” ಎಂದು ನನ್ನ ಮಾತನ್ನೇ ನನ್ನ ಕೊರಳಿಗೆ ಕಟ್ಟಿದೆ. ಹೌದು, ಹೇಳಿದ್ದೆ. ಹಸನ ಎಂದರೆ ನಮ್ಮೂರಲ್ಲಿ ಒಂದು ಗರಿಯೂ ಉಳಿಯದಂತೆ ಗುಡಿಸಿ ಸುಡುವುದು ಎಂಬುದನ್ನು ಹತ್ತು ವರ್ಷ ಹೊರಗಿದ್ದು ಮರೆತಿದ್ದೆ. ಆದರೆ ನನ್ನ ಮನಸ್ಸಿನಲ್ಲಿದ್ದದ್ದು ನಿನಗೆ ಗೊತ್ತಿರಲಿಲ್ಲವೇ? ಹೋದ ವರ್ಷ ಇದೇ ಹೊಲದಲ್ಲಿ ಭಾಬಿ ಒಬ್ಬರೇ ಹತ್ತು ದಿನ ಬಗ್ಗಿ, ಸಾಲು ಬಿಟ್ಟು ಸಾಲಿಗೆ ರವದಿ ಎಳೆದು ಹಾಸಿದ್ದರು. ಕೈತುಂಬ ಗೀರು. ಎಂಟು ದಿನಕ್ಕೊಮ್ಮೆ ನೀರು ಬೇಡುತ್ತಿದ್ದ, ಬುಡದಿಂದ ಮರುಚಿಗುರಿದ ಕೂಳೆ ಕಬ್ಬು ಹನ್ನೆರಡು ದಿನ ತಡೆಯಿತು. ಏಪ್ರಿಲ್ ಬಿಸಿಲಿನಲ್ಲಿ ರವದಿ ಸರಿಸಿ, ಎರೆಹುಳ ಅಂಗೈ ಮೇಲಿಟ್ಟು ವಿಡಿಯೋ ಕಾಲ್‌ನಲ್ಲಿ ನನಗೆ ತೋರಿಸಿದ್ದರು. ಆವತ್ತು ಅವರ ಮುಖ ನೋಡಿದ್ದೆಯಾ?

ನಾನು ದುಡಿಯುವ ಕಿವಿ ಹಣ್ಣಿನ ತೋಟದಲ್ಲಿ ಚಳಿಗಾಲಕ್ಕೆ ಬಳ್ಳಿ ಸವರಿದರೆ ಒಂದು ಕಡ್ಡಿಯೂ ಹೊರಗೆ ಹೋಗುವುದಿಲ್ಲ. ಅಲ್ಲೇ ಪುಡಿ ಮಾಡಿ ಸಾಲಿನ ನಡುವೆ ಬಿಡುತ್ತಾರೆ. ಇದನ್ನು ಹೇಳಿದಾಗ ನೀನು, “ಅಲ್ಲಿ ಮಳಿ ಐತಿ, ನಿಮ್ಮ ಆಟ ನಮಗ ನಡೆಂಗಿಲ್ಲ” ಅಂದೆ. ಮೈ ಉರಿಯಿತು. ಮಳೆ ಬೀಳುವ ಊರಿನವರೇ ನೆಲ ಮುಚ್ಚಿಡುತ್ತಾರೆ. ಬತ್ತಿದ ಬೋರಿನ ನಾವು ಇದ್ದ ಹೊದಿಕೆಯನ್ನೂ ಸುಡುತ್ತೇವೆ. ಮುಂದಿನ ವರ್ಷ ಸುಡುವುದಿಲ್ಲವಂತೆ! ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಮಾತು.

ನಿಜವಾದ ಕಾರಣವನ್ನು ನಿನ್ನ ಮಗಳು ಮೆಹ್ನಾಜ್ ಹೇಳಿದಳು. ಪಕ್ಕದ ಹೊಲದ ವಿಶ್ವೇಶ್ವರ ಕಾಕಾ ಚಹಾದಂಗಡಿಯಲ್ಲಿ, “ಅಮ್ಜದ್ ಹೇಣ್ತಿ ಮಾತ ಕೇಳಿ ಹೊಲಾ ತಿಪ್ಪಿ ಮಾಡ್ಯಾನ” ಎಂದು ನಕ್ಕರಂತೆ. ಆ ಒಂದು ನಗುವಿಗೆ ನೀನು ಭಾಬಿಯ ಹತ್ತು ದಿನದ ಬೆವರು ಸುಟ್ಟೆ. ಅವರು ನಿನ್ನನ್ನು ದೂರಲಿಲ್ಲ. ನಾನು ಒತ್ತಾಯಿಸಿದಾಗ ಅಂದದ್ದು ಇಷ್ಟೇ: “ಹೊಲಾ ನಂದಲ್ಲ, ನಾ ಏನ ಹೇಳ್ಲಿ?” ಎರಡು ದಿನ ಆ ಮಾತು ನನ್ನನ್ನು ಬಿಡಲಿಲ್ಲ.

ಮೊಣಕಾಲಿಗೆ ಎಣ್ಣೆ ಹಚ್ಚಿಕೋ. ಸದ್ಯಕ್ಕೆ ನೀನು ಹಚ್ಚುವುದು ಅದೊಂದೇ ಸಾಕು. ಮೆಹ್ನಾಜಳಿಗೆ ನನ್ನ ದುವಾ.

ಸಿಟ್ಟಿದ್ದರೂ ನಿನ್ನದೇ ತಂಗಿ,
ಹಾಜಿರಾ

ತಾ.ಕ.: ನನ್ನ ಜೊತೆ ಓದಿದ ಚಂದ್ರಹಾಸ ಊರಿಗೆ ಹೊರಟಿದ್ದಾನೆ, ಇದನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಅವನ ಯೂಟ್ ಗಾಡಿ ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯುತ್ತಿದೆ. ಲಕೋಟೆಯಲ್ಲಿ ಇನ್ನೊಂದು ಕಾಗದವಿದೆ. ಅದು ನಿನಗಲ್ಲ, ಭಾಬಿಗೆ. ನನ್ನ ಎರಡು ಎಕರೆಯ ಸಾಗುವಳಿ ಇಂದಿನಿಂದ ಅವರದು ಎಂದು ಬರೆದು ಸಹಿ ಹಾಕಿದ್ದೇನೆ. ಆ ಹೊಲಕ್ಕೆ ಕಾಲಿಡುವ ಮೊದಲು ಅವರನ್ನು ಕೇಳು. ಹಸನ ಎಂಬ ಪದವನ್ನು ಅದರಲ್ಲಿ ಎಲ್ಲೂ ಬರೆದಿಲ್ಲ.