ಊರ ರೋಗವೋ, ಮನೆ ರೋಗವೋ

ದಾವಣಗೆರೆ
ಆಷಾಢ ಬಹುಳ ಪಂಚಮಿ, ಕ್ರಿಸ್ತಶಕ 2171

ನಮಗಿಂತ ಒಂದೂವರೆ ಶತಮಾನ ಹಿಂದೆ ಬದುಕುತ್ತಿರುವ ಹಿರಿಯರೇ,

ತಾರೀಖು ನೋಡಿ, ಯಾರೋ ತಲೆಕೆಟ್ಟವಳು ಬರೆದಿದ್ದಾಳೆ ಎಂದು ಕಾಗದ ಮಡಚಿಟ್ಟುಬಿಡಬೇಡಿ. ತಲೆ ಕೆಟ್ಟಿರುವುದೂ ನಿಜ, ತಾರೀಖೂ ನಿಜ. ನಿಮಗೆ ಗೊತ್ತಿರದ ಕೆಲವು ಶಬ್ದಗಳು ಇದರಲ್ಲಿ ಬರುತ್ತವೆ. ಬಂದಲ್ಲೇ ಬಿಡಿಸಿ ಹೇಳುತ್ತೇನೆ, ಸ್ವಲ್ಪ ಸಹಿಸಿಕೊಳ್ಳಿ. ನನ್ನ ಹೆಸರು ಗಂಗಾಂಬಿಕೆ. ಶಾಲೆಯಲ್ಲಿ ಹಳೆಯ ಕನ್ನಡ, ಎಂದರೆ ನೀವು ಆಡುವ ಕನ್ನಡ, ಕಲಿಸುತ್ತೇನೆ. ಅದಕ್ಕೇ ನಿಮಗೆ ಬರೆಯುವ ಧೈರ್ಯ ಬಂತು. ನನಗೆ ಒಬ್ಬಳೇ ಮಗಳು, ಮುಕ್ತಾ. ಇಪ್ಪತ್ಮೂರು ವರ್ಷ. ಅವಳ ಎರಡೂ ಕಿಡ್ನಿ ಕೈಕೊಟ್ಟಿವೆ. ಈ ಕಾಗದ ಅವಳ ಸಲುವಾಗಿ.

ನಮ್ಮ ಕಾಲದಲ್ಲಿ ಕಾಯಿಲೆಗಳನ್ನು ಎರಡು ಪಾಲು ಮಾಡಿದ್ದಾರೆ: ಊರ ರೋಗ, ಮನೆ ರೋಗ. ಸೊಳ್ಳೆಯಿಂದ, ನೀರಿನಿಂದ, ಗಾಳಿಯಿಂದ ಬಂದದ್ದು ಊರ ರೋಗ. ಅದಕ್ಕೆ ಊರೇ ಹೊಣೆ. ಚರಂಡಿ ತೊಳೆಸುತ್ತಾರೆ, ಔಷಧಿ ಕೊಡುತ್ತಾರೆ, ಅಂಗ ಹಾಳಾದರೆ ಪ್ರಯೋಗಶಾಲೆಯಲ್ಲಿ ಬೆಳೆಸಿದ ಹೊಸದನ್ನು ಕೂರಿಸುತ್ತಾರೆ. ಅವರವರ ಕೈಯಾರೆ ತಂದುಕೊಂಡದ್ದು ಮನೆ ರೋಗ. ಅದನ್ನು ಮನೆಯವರೇ ಅನುಭವಿಸಬೇಕು. ಬೊಜ್ಜು ಇವತ್ತಿನ ತನಕ ಮನೆ ರೋಗ. ಅದರ ಬೆನ್ನಿಗೆ ಬರುವ ಸಕ್ಕರೆ ಕಾಯಿಲೆಯೂ ಅಷ್ಟೇ, ಸಕ್ಕರೆ ಕಾಯಿಲೆ ತಿಂದುಹಾಕುವ ಕಿಡ್ನಿಯೂ ಅಷ್ಟೇ. ಮುಕ್ತಾಳಿಗೆ ಸಕ್ಕರೆ ಕಾಯಿಲೆ ಬಂದದ್ದು ಒಂಬತ್ತನೇ ವಯಸ್ಸಿನಲ್ಲಿ. ಒಂಬತ್ತು ವರ್ಷದ ಕೂಸು ತನ್ನ ಕೈಯಾರೆ ಏನು ತಂದುಕೊಳ್ಳುತ್ತದೆ, ನೀವೇ ಹೇಳಿ!

ನಮ್ಮ ಬೀದಿ ಹೇಗಿದೆ ಎಂದು ತಿಳಿದರೆ ನಿಮಗೇ ಅರ್ಥವಾಗುತ್ತದೆ. ಬೀದಿಯಲ್ಲಿ ಮನುಷ್ಯರು ಕಾಲಿಡುವಂತಿಲ್ಲ. ಅದು ಪೂರಾ ಗಾಡಿಗಳದ್ದು. ಹೊರಗೆ ಹೋಗಬೇಕೆಂದರೆ ಪೆಟ್ಟಿಗೆಗಾಡಿ ಬಾಗಿಲಿಗೇ ಬಂದು, ನಮ್ಮನ್ನು ಕೂರಿಸಿಕೊಂಡು, ಇನ್ನೊಂದು ಬಾಗಿಲಿಗೆ ಇಳಿಸುತ್ತದೆ. ಊಟ ಹಾರಿಕೊಂಡು ಬರುತ್ತದೆ. ಹಾರುಬುತ್ತಿ ಅನ್ನುತ್ತೇವೆ. ಕೈಗೆ ಕಟ್ಟಿದ ಪಟ್ಟಿ ನಮ್ಮ ಹಸಿವನ್ನು ನಮಗಿಂತ ಮುಂಚೆ ತಿಳಿದುಕೊಂಡು ಹೇಳಿಕಳಿಸುತ್ತದೆ. ಹೊಟ್ಟೆ ಚುರ್ ಅನ್ನುವ ಮೊದಲೇ ಬಿಸಿಬಿಸಿ ಪೊಟ್ಟಣ ಕಿಟಕಿಗೆ ಬಂದು ಬೀಳುತ್ತದೆ. ಮಕ್ಕಳು ಆಡುತ್ತಿದ್ದ ಬಯಲಿನಲ್ಲಿ ಈಗ ಹಾರುಬುತ್ತಿಯ ಗೋದಾಮುಗಳಿವೆ. ಕುಡಿಯುವ ನೀರಿಗಿಂತ ಸಕ್ಕರೆ ಬೆರೆಸಿದ ಸಿಹಿನೀರು ಅಗ್ಗ. ಹೀರೇಕಾಯಿ, ಸೊಪ್ಪು ಹಬ್ಬಕ್ಕೊಮ್ಮೆ ಕಂಡರೆ ಪುಣ್ಯ. ಉಳ್ಳವರ ಮನೆಗಳಲ್ಲಿ ನಡೆಮನೆ ಎಂಬ ದುಂಡನೆಯ ಕೋಣೆ ಇರುತ್ತದೆ, ಅದರೊಳಗೆ ಸುತ್ತುತ್ತಾರೆ. ನಮ್ಮಂಥವರು ಎಲ್ಲಿ ಸುತ್ತೋಣ, ಒಲೆಯ ಸುತ್ತಲೇ? ನಿಮ್ಮ ಬೆಣ್ಣೆದೋಸೆಯನ್ನಾಗಲಿ, ಮಂಡಕ್ಕಿ ಮಿರ್ಚಿಯನ್ನಾಗಲಿ ನಾನು ದೂರುವುದಿಲ್ಲ. ಅವನ್ನು ತಿನ್ನಲು ನೀವು ಎದ್ದು ಹೋಗಬೇಕಿತ್ತು. ನನ್ನ ತರಗತಿಯಲ್ಲಿ ಮುಕ್ಕಾಲು ಪಾಲು ಮಕ್ಕಳಿಗೆ ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಇಷ್ಟೂ ಮಕ್ಕಳಿಗೆ ಒಟ್ಟಿಗೇ ಬುದ್ಧಿ ಕೆಟ್ಟಿತೆಂದು ನಾನು ನಂಬಬೇಕಂತೆ!

ಇದು ನಿಜವಾಗಿ ಸಮಸ್ಯೆಯೇ ಎಂದು ಕೇಳುವವರು ನಿಮ್ಮಲ್ಲಿ ಇರುವಂತೆ ನಮ್ಮಲ್ಲೂ ಇದ್ದಾರೆ. ಅವರ ಮಾತನ್ನು ಪೂರ್ತಿ ತಳ್ಳಿಹಾಕಲು ನನಗೆ ಬಾಯಿ ಬರುವುದಿಲ್ಲ. ಪಕ್ಕದ ಮನೆಯ ಪಾರ್ವತೆವ್ವ ಗುಡ್ಡದಂತಿದ್ದಾರೆ, ಎಂಬತ್ತು ದಾಟಿದರೂ ಗಟ್ಟಿಮುಟ್ಟು. ನನ್ನ ಗಂಡ ಕಡ್ಡಿಯಂತಿದ್ದರು, ಸಕ್ಕರೆ ಕಾಯಿಲೆಯಿಂದಲೇ ಹೋದರು. ತಕ್ಕಡಿಯೊಂದೇ ಎಲ್ಲವನ್ನೂ ಹೇಳುವುದಿಲ್ಲ. ಅದಕ್ಕಿಂತ ದೊಡ್ಡ ತಪ್ಪೆಂದರೆ ನಮ್ಮ ಜನ ತೂಕವನ್ನು ಬೈಗುಳ ಮಾಡಿಕೊಂಡರು. ಮುಕ್ತಾಳನ್ನು ಆನೆಮರಿ, ಆನೆಮರಿ ಎಂದು ಕರೆದು ಕರೆದು ಶಾಲೆ ಬಿಡಿಸಿದರು. ಇಷ್ಟು ವರ್ಷ ನಕ್ಕ ಬಾಯಲ್ಲೇ ಈಗ, ಇದು ಕಾಯಿಲೆ ಕಣವ್ವಾ ಎಂದರೆ ಆ ಹುಡುಗಿ ಯಾಕೆ ನಂಬಬೇಕು? ಅವಳು ಮತ್ತೆ ವೈದ್ಯರ ಬಳಿಗೆ ಬರಲು ಒಪ್ಪುವ ಹೊತ್ತಿಗೆ ಕಾಲು ಬಾತುಕೊಂಡಿತ್ತು.

ಯಾವುದು ಊರ ರೋಗ ಎಂದು ತೀರ್ಮಾನಿಸುವುದು ಆರೋಗ್ಯಕಟ್ಟೆ ಎಂಬ ಪಂಚಾಯಿತಿ. ಅದರ ಯಜಮಾನರು ರೇಣುಕಪ್ಪನವರು. ಆ ಕಟ್ಟೆಗೆ ಒಂದು ನಿಯಮವಿದೆ, ಹಿರಿಯರ ಸಾಕ್ಷಿ ಅಂತ. ಹಿಂದಿನವರಿಗೂ ಈ ಕಾಯಿಲೆ ಗೊತ್ತಿತ್ತು, ಅವರೂ ಇದನ್ನು ಊರಿಗೆಲ್ಲ ಬಂದ ಕಷ್ಟವೆಂದೇ ತಿಳಿದಿದ್ದರು ಎಂಬುದು ಅವರದೇ ದನಿಯಲ್ಲಿ ಸಿಕ್ಕರೆ ಮಾತ್ರ ಊರು ಹೊಣೆ ಹೊರುತ್ತದೆ. ನಿಮ್ಮ ಕಾಲದ ಫೋನುಗಳು ಹಿಡಿದಿಟ್ಟ ಮಾತುಗಳೆಲ್ಲ ನಮ್ಮ ದನಿಕಣಜದಲ್ಲಿವೆ, ಕಾಳು ತುಂಬಿಟ್ಟ ಹಾಗೆ. ಒಂದು ಮನೆತನ ಒಂದೇ ದನಿ ತರಬೇಕು. ಈ ಸಲದ ವಿಚಾರಣೆ ಬೊಜ್ಜಿನದು. ಊರ ರೋಗವೆಂದು ತೀರ್ಪಾಗಿದ್ದರೆ ಮುಕ್ತಾಳಿಗೆ ಹೊಸ ಕಿಡ್ನಿ ಸಿಗುತ್ತಿತ್ತು. ಅಷ್ಟೇ, ಅದಕ್ಕಿಂತ ಹೆಚ್ಚು ನನಗೇನೂ ಬೇಕಿರಲಿಲ್ಲ.

ನಮ್ಮ ಮನೆತನದ ದನಿಗಳನ್ನು ದಿನಗಟ್ಟಲೆ ಜಾಲಾಡಿದೆ. ಸೀರೆಯ ಮಾತು, ಸೊಸೆಯರ ಮೇಲಿನ ದೂರು, ನಗು, ಕೆಮ್ಮು. ಕೊನೆಗೆ ಹಾಲಮ್ಮಜ್ಜಿ ಸಿಕ್ಕಳು, ನಿಮ್ಮ ಕಾಲದವಳು, ನಮ್ಮ ವಂಶದ ಹಿರಿಯಜ್ಜಿ. ಯಾರದೋ ಸೀಮಂತದ ಊಟದಲ್ಲಿ ಹಿಡಿದ ದನಿ. ಅವಳ ಮೊಮ್ಮಗ ಕರಿಬಸವ ಪಕ್ಕದಲ್ಲಿ ಕೂತು ಮೂಗಿನಿಂದ ಸುಯ್ ಸುಯ್ ಉಸಿರಾಡುತ್ತಿದ್ದಾನೆ, ಅವಳು ಅವನ ಎಲೆಗೆ ಹೋಳಿಗೆ ಹಾಕಿಸುತ್ತಿದ್ದಾಳೆ. ಅವಳ ಮಾತು ಹೀಗಿದೆ: "ಡಾಕ್ಟ್ರು ಏನಂದ್ರು ಗೊತ್ತೇನವ್ವಾ? ಹುಡುಗನ್ನ ತೂಕ ಇಳಸ್ರಿ ಅಂದ್ರು. ಈಗ ಎಲ್ಲಾ ಮನಿ ಹುಡುಗ್ರೂ ಹಿಂಗಾ ಆಗ್ಯಾವು ಅಂದ್ರು. ಉಣ್ಣೋ ಕೂಸಿಗೆ ಬ್ಯಾಡ ಅಂತ ಹೆಂಗ್ ಹೇಳ್ಲವ್ವಾ ನಾನು? ನಾವು ಸಣ್ಣೋರಿದ್ದಾಗ ಗಂಜಿ ನೀರು ಕುಡ್ದು ಮಲಗಿದೋರು. ಮೂಳಿ ಚಕ್ಕಳ ಆಗಿ ಓಡಾಡಿದ್ರೆ ನೋಡಿದೋರು ಏನಂದಾರು, ಮನ್ಯಾಗ ಕೂಳಿಲ್ಲ ಅಂದಾರು. ಹಾಕ್ರೀ, ತುಪ್ಪ ಹಾಕ್ರೀ. ಮೈ ತುಂಬ್ಕಂಡು ಎಷ್ಟು ಚಂದ ಕಾಣ್ತಾನ ನನ್ನ ಬಂಗಾರ, ದೃಷ್ಟಿ ತೆಗೀಬೇಕು ಇವತ್ತು."

ಕೇಳಿ ನಾನು ಕುಣಿದುಬಿಟ್ಟೆ. ಎಲ್ಲಾ ಮನೆಯ ಹುಡುಗರೂ ಹೀಗಾಗಿದ್ದಾರೆ ಎಂದು ಆ ಕಾಲದ ವೈದ್ಯರೇ ಹೇಳಿದ್ದಾರಲ್ಲ, ಇದಕ್ಕಿಂತ ಸಾಕ್ಷಿ ಬೇಕೇ? ಬೇರೆ ದನಿ ಹುಡುಕುವುದನ್ನೇ ಬಿಟ್ಟು ಅದನ್ನು ಒಯ್ದು ಕಟ್ಟೆಯ ಮುಂದೆ ಇಟ್ಟೆ. ಕಟ್ಟೆಯವರು ತಲೆ ಆಡಿಸುತ್ತಾ ಕೇಳಿದರು. ಹೋಳಿಗೆಯ ಮಾತು ಬಂದಾಗ ಒಬ್ಬಿಬ್ಬರು ನಕ್ಕರು. ಕೇಳಿ ಮುಗಿದ ಮೇಲೆ ರೇಣುಕಪ್ಪನವರು ಅಂದರು: "ನೋಡವ್ವ ತಂಗೀ, ಡಾಕ್ಟ್ರು ಹೇಳ್ಯಾರ, ನಿಮ್ಮಜ್ಜಿ ಕೇಳಿಲ್ಲ. ಗೊತ್ತಿದ್ದೂ ತುಪ್ಪ ಹಾಕ್ಸ್ಯಾಳ. ಇದು ಮನೆ ರೋಗ ಅಲ್ದ ಮತ್ತೇನು?" ಪಾಪ, ಆ ಮೈಭಾರಕ್ಕೆ ಅವರೂ ಒಬ್ಬರೇ ಏಳಲಾರರು, ಅಷ್ಟು ಹೇಳಿ ಮುಗಿಸಿದ ಮೇಲೆ ಇಬ್ಬರು ರಟ್ಟೆ ಹಿಡಿದು ಎಬ್ಬಿಸಿದರು.

ಹೇಳುವುದು ಬೇಕಾದಷ್ಟಿತ್ತು. ಯಜಮಾನರೇ, ಆ ಅಜ್ಜಿ ಹಸಿದು ಮಲಗಿದ್ದೇನು ಅವಳೊಬ್ಬಳ ತಪ್ಪೇ? ಹಸಿವು ಊರಿಗೆಲ್ಲ ಬಂದಿತ್ತು, ಆಮೇಲೆ ಸಕ್ಕರೆ, ಮೈದಾ, ಎಣ್ಣೆ ಊರಿಗೆಲ್ಲ ಬಂದವು, ಆ ಹುಡುಗನ ಆಟದ ಬಯಲು ಊರಿನ ಕಣ್ಣೆದುರೇ ಹೋಯಿತು. ಎಲ್ಲದರ ನಡುವೆ ಅವಳ ಕೈಯಲ್ಲಿ ಇದ್ದದ್ದು ಬಡಿಸುವುದೊಂದೇ. ಪ್ರೀತಿಯಿಂದ ಬಡಿಸಿದವಳನ್ನೇ ಅಪರಾಧಿ ಮಾಡಿ ಕೂರಿಸಿದಿರಲ್ಲ! ಇದೆಲ್ಲ ಮನೆಗೆ ಬರುವಾಗ ಪೆಟ್ಟಿಗೆಗಾಡಿಯಲ್ಲಿ ಹೊಳೆಯಿತು. ಅಷ್ಟರಲ್ಲಿ ಕಟ್ಟೆಯವರು ತೀರ್ಪು ಬರೆದು, ಮುಂದಿನ ವಿಚಾರಣೆ ಹತ್ತು ವರ್ಷಕ್ಕೆ ಎಂದಾಗಿತ್ತು.

ಮುಕ್ತಾಳಿಗೆ ಹೇಗೆ ಹೇಳಲಿ ಎಂದು ಒದ್ದಾಡುತ್ತಾ ಒಳಗೆ ಹೋದರೆ, ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. "ಬಿಡವ್ವ, ಅಜ್ಜಿ ದನಿ ಆದ್ರೂ ಕೇಳ್ಸು ನಂಗೆ" ಅಂದಳು. ಕೇಳಿಸಿದೆ. ಮುಗಿದ ಮೇಲೆ, "ನನ್ನ ನೋಡಿ ಯಾರೂ ಹಿಂಗ ಬಂಗಾರ ಅಂದಿಲ್ಲ ನೋಡು" ಎಂದು ನಕ್ಕಳು. ನಾನಾದರೂ ಅನ್ನಬಹುದಿತ್ತು. ಔಷಧಿ, ಪಥ್ಯ, ತೂಕ ಎಂದು ಅವಳ ಬೆನ್ನು ಹತ್ತುವುದರಲ್ಲೇ ನನ್ನ ದಿನಗಳು ಮುಗಿದುಹೋಗಿದ್ದವು.

ಹಿರಿಯರೇ, ನಿಮ್ಮಲ್ಲಿ ಯಾರಿಗಾದರೂ ಹಾಲಮ್ಮಜ್ಜಿಯ ಪರಿಚಯವಿದ್ದರೆ ದಯವಿಟ್ಟು ಅವಳನ್ನು ಬೈಯಬೇಡಿ. ಹುಡುಗನನ್ನೂ ಹಂಗಿಸಬೇಡಿ. ನನ್ನ ಕೋರಿಕೆ ಬೇರೆಯೇ ಇದೆ. ನೀವು ನಿಮ್ಮ ನಿಮ್ಮ ಫೋನಿನ ಮುಂದೆ ಏನೇನೋ ಮಾತಾಡುತ್ತೀರಿ, ಅದೆಲ್ಲ ಉಳಿಯುತ್ತದೆ. ನಿಮ್ಮ ಬೀದಿಯ ಆಟದ ಬಯಲಿಗೆ ಬೇಲಿ ಬಿದ್ದ ದಿನ, ಶಾಲೆಯ ಗೇಟಿನ ಎದುರು ಸಿಹಿನೀರಿನ ಅಂಗಡಿ ತೆರೆದ ದಿನ, ನಡೆಯುವ ದಾರಿಯನ್ನು ಗಾಡಿಗಳು ನುಂಗಿದ ದಿನ, ಒಬ್ಬರಾದರೂ ಗಟ್ಟಿಯಾಗಿ ಹೇಳಿ: ಇದು ನಮ್ಮ ಮಗುವೊಂದರದೇ ಅಲ್ಲ, ಊರಿನ ಎಲ್ಲ ಮಕ್ಕಳ ಮೈಮೇಲೆ ಬರುತ್ತಿದೆ, ಊರೇ ತಡೆಯಬೇಕು. ಸಾಧ್ಯವಾದರೆ ತಡೆಯಿರಿ. ತಡೆಯಲು ಆಗದಿದ್ದರೆ ಹೇಳಿಯಾದರೂ ಇಡಿ. ಈ ಕಾಗದ ನಿಮಗೆ ತಲುಪುವ ದಾರಿ ನನಗೆ ಗೊತ್ತಿಲ್ಲ. ತಲುಪುವುದಿಲ್ಲ ಎಂದೇ ಅನಿಸುತ್ತದೆ. ತಲುಪಿದರೂ ನಿಮ್ಮ ದನಿ ಕೆಲಸಕ್ಕೆ ಬರುವುದು ಹತ್ತು ವರ್ಷದ ನಂತರ, ನನ್ನ ತರಗತಿಯಲ್ಲಿ ಈಗ ಏದುಸಿರು ಬಿಡುತ್ತಿರುವ ಮಕ್ಕಳಿಗೆ. ಮುಕ್ತಾಳಿಗೆ ಅಷ್ಟು ದಿನವಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಒಳಗಿನಿಂದ ಎರಡು ಸಲ ಕರೆದಳು. ಬಾಯಾರಿಕೆಯಂತೆ, ನೀರು ಬೇಕಂತೆ. ಇವತ್ತಿನ ಪಾಲಿನ ನೀರು ಆಗಲೇ ಕುಡಿದಾಗಿದೆ. ಇನ್ನು ಗುಟುಕು ಕೊಟ್ಟರೂ ಕಿಡ್ನಿ ಹೊರಹಾಕಲಾರದೆ ಅದು ಶ್ವಾಸಕೋಶಕ್ಕೆ ತುಂಬುತ್ತದೆ ಎಂದು ವೈದ್ಯರು ಹೇಳಿದ್ದಾರೆ. ಪಕ್ಕದಲ್ಲೇ ಕೊಡ ತುಂಬಿಟ್ಟುಕೊಂಡು, ನನ್ನ ಮಗಳಿಗೆ ಇಲ್ಲ ಎಂದು ಹೇಳಲು ಹೋಗುತ್ತಿದ್ದೇನೆ.

ನಿಮ್ಮವಳೇ,
ಗಂಗಾಂಬಿಕೆ