ಕಡಲಹಸುವಿನ ಮೆಟ್ಟಿಲು

೧೭ ಸೆಪ್ಟೆಂಬರ್ ೧೯೫೮, ಬುಧವಾರ

ಲಿಂಗಪೂಜೆ, ಕಾಫಿ, ಉಪ್ಪಿನಕಾಯಿ ಜಾಡಿ ಬಿಸಿಲಿಗೆ. ಸೊಸೆ ಗಿರಿಜಾಂಬಾ ಎಂ.ಎಸ್ಸಿ. ವೈವಾ ಪರೀಕ್ಷೆಗೆ ಹೊರಟಳು. ಊಟದ ಹೊತ್ತಿಗೆ ವಾಪಸು. ಚಪ್ಪಲಿ ಬಿಟ್ಟ ರೀತಿಯಲ್ಲೇ ತಿಳಿಯಿತು... ಪಾಸಾಗಲಿಲ್ಲ.

ಮರಿಗೆ ಹಾಲೂಡಿಸುತ್ತಾ ಕಡಲಲ್ಲೇ ಬದುಕಿ, ಈಗ ಅಳಿದುಹೋದ ಪ್ರಾಣಿಗಳು. ಅವುಗಳಲ್ಲಿ ಯಾವುದು ಯಾವುದಕ್ಕೆ ನೆಂಟ — ಇದು ಅವಳ ಪ್ರಬಂಧ. ಮದರಾಸಿನಿಂದ ಬಂದ ಪರೀಕ್ಷಕರು, ಕಡಲಹಸು ತಿಮಿಂಗಿಲದ ವಂಶವೇ ಅಲ್ಲವೇ ಎಂದರಂತೆ. ಪರೀಕ್ಷಿಸಲು ಅವರು ಬೇಕೆಂದೇ ಹೇಳಿದ ತಪ್ಪು. ಇವಳು 'ಹೌದು ಸಾರ್' ಎಂದಳು. ಸ್ವತಃ ಬರೆದಿರುವುದು ಅದಕ್ಕೆ ತೀರಾ ವಿರುದ್ಧ.

"ಗೊತ್ತಿತ್ತಲ್ಲ, ಯಾಕೆ ಹೇಳ್ಲಿಲ್ಲ?"

"ದೊಡ್ಡೋರು, ಅತ್ತೆ. ಎದುರು ಮಾತಾಡೋದು ಹೇಗೆ?"

ಆ ನಡತೆ ಕಲಿಸಿದವಳು ನಾನು. ಚೆನ್ನಾಗಿಯೇ ಕಲಿಸಿದ್ದೇನೆ.

ನವೆಂಬರಿನಲ್ಲಿ ಇನ್ನೊಂದು ಅವಕಾಶ. ಅದೇ ಕೊನೆ.

೨೧ ಸೆಪ್ಟೆಂಬರ್

ಕೆಸರೆಯಿಂದ ನಾದಿನಿ ಮಹದೇವಮ್ಮ. ಸುದ್ದಿ ಆಗಲೇ ಅಲ್ಲಿಗೂ ಮುಟ್ಟಿದೆ.

"ಸಾಕ್ ಮಾಡ್ಸಿ ಅತ್ತಿಗೆ. ಸತ್ತ ಮೀನಿನ ಮೂಳೆ ಓದಿ ಯಾರು ಉದ್ಧಾರ ಆಗ್ಬುಟ್ಟವ್ರೆ?"

"ಮೀನಲ್ಲ" ಎಂದೆ.

"ಏನೋ ಒಂದು. ಮದ್ವೆಯಾಗಿ ಮೂರು ವರ್ಷ ಆಯ್ತು ಕಣತ್ತಿಗೆ."

ಮಗ ಏಕಾಂತ ಪೇಪರಿನಿಂದ ತಲೆ ಎತ್ತಲಿಲ್ಲ. ಅವನದು ಎಂದೂ ಹೀಗೇ — ಅಮ್ಮ ಹೇಳಿದಂತೆ. ಎಲ್ಲರೆದುರು ಹೇಳಿದೆ: ಈ ಸಲ ಪಾಸಾಗದಿದ್ದರೆ ಪುಸ್ತಕ ಕಟ್ಟಿ ನಾನೇ ಅಟ್ಟಕ್ಕೆ ಹಾಕಿಸುತ್ತೇನೆ.

ಹೈಸ್ಕೂಲು ಮುಗಿಸಿ ಈ ಮನೆಗೆ ಬಂದ ವರ್ಷ ನನ್ನ ಪುಸ್ತಕಗಳೂ ಹೋದದ್ದು ಇದೇ ಅಟ್ಟಕ್ಕೆ. ಆ ಮಾತು ಬಾಯಿಗೆ ಯಾಕೆ ಬಂತೋ. ಬಂದಾಯಿತು. ನಮ್ಮ ಈ ಲಕ್ಷ್ಮೀಪುರಂ ಬಡಾವಣೆಯಲ್ಲಿ ನನ್ನ ಮಾತು ಹಿಂದಕ್ಕೆ ಹೋದದ್ದಿಲ್ಲ.

೧೨ ಅಕ್ಟೋಬರ್

ನಾಳೆಯಿಂದ ನವರಾತ್ರಿ. ಗೊಂಬೆಗಳಿಗೆ ಏಳು ಮೆಟ್ಟಿಲು, ಬಿಳಿ ಪಂಚೆ ಹಾಸಿ. ಪಟ್ಟದ ಗೊಂಬೆ ಮೇಲೆ. ಗಿರಿಜೆ ಓದಿಗೆಂದು ಜೇಡಿಮಣ್ಣಿನಲ್ಲಿ ಮೂರು ಪ್ರಾಣಿ ಮಾಡಿಟ್ಟಿದ್ದಳು: ಕಡಲಹಸು, ಹಳೇ ಕಾಲದ ತಿಮಿಂಗಿಲ, ಮತ್ತೊಂದು — ಅದರ ಹಲ್ಲು ಸಣ್ಣ ಸಣ್ಣ ಕಂಬಗಳ ಕಂತೆಯಂತೆ. ಕೆಲಸ ಅಚ್ಚುಕಟ್ಟು. ತರಿಸಿ ಮೂರನ್ನೂ ಒಂದೇ ಮೆಟ್ಟಿಲಲ್ಲಿ ಕೂರಿಸಿದೆ. ನೀರಿನವು ನೀರಿನವುಗಳ ಜೊತೆ.

ಅವಳು ಸೆರಗಿನ ತುದಿ ಹಿಂಡುತ್ತಾ ನಿಂತಳು.

"ಏನು?"

"ಏನಿಲ್ಲ, ಅತ್ತೆ."

ಆಗ ಹೊಳೆಯಿತು. ಮದರಾಸಿನವರ ಮುಂದೆಯೂ ಹೀಗೇ ನಿಂತಿರಬೇಕು.

"ನಾನು ಮಾಡಿದ್ದು ತಪ್ಪು ಅಂತ ಹೇಳು."

"ಅಯ್ಯೋ, ಅತ್ತೆ..."

"ಹೇಳು."

"ಅದು... ಅಲ್ಲಿ ಕೂರಲ್ಲ." ಸೊಳ್ಳೆಯ ದನಿ.

"ಬೀದಿಗೆ ಕೇಳ್ಬೇಕು."

ಮೂರನೇ ಸಲಕ್ಕೆ ದನಿ ಬಂತು. ಕಡಲಹಸುವನ್ನು ಎತ್ತಿ ಜಂಬೂಸವಾರಿ ಆನೆಯ ಪಕ್ಕ ಇಟ್ಟಳು. ಅದು ಆನೆಯ ದಾಯಾದಿಯಂತೆ. ಎರಡಕ್ಕೂ ಮೊಲೆ ಇರುವುದು ಎದೆಯಲ್ಲಿ, ಮುಂಗಾಲ ನಡುವೆ. ಎರಡರ ಪೂರ್ವಿಕರ ಹಲ್ಲು, ದವಡೆಗೂ ಹೋಲಿಕೆ ಇದೆ. ತಿಮಿಂಗಿಲದ ಮನೆತನವೇ ಬೇರೆ.

"ಮತ್ತೆ ನೋಡೋಕೆ ಒಂದೇ ಥರ ಇವೆ?"

"ಒಂದೇ ನೀರಲ್ಲಿ ಬಾಳಿದ್ದಕ್ಕೆ, ಅತ್ತೆ. ಸೇರಿದ ಮನೆ ಒಂದು, ತವರು ಬೇರೆ."

ತೀರ್ಮಾನ ಮಾಡಿದೆ. ಹಬ್ಬ ಮುಗಿಯುವವರೆಗೆ ದಿನಾ ಸಂಜೆ ಬಂದವರೆದುರು ನಾನು ತಪ್ಪು ಕೂರಿಸುವುದು. ಅವಳು ತಪ್ಪು ಎನ್ನುವುದು.

೧೫ ಅಕ್ಟೋಬರ್

ಹೇಳುವಷ್ಟು ಸುಲಭವಲ್ಲ. ಜನ ತುಂಬಿದ ನಡುಮನೆಯಲ್ಲಿ ಸೊಸೆ "ಇಲ್ಲ ಅತ್ತೆ, ತಪ್ಪು" ಎಂದಾಗ ಕಿವಿ ಬಿಸಿಯಾಗುತ್ತದೆ.

ಎದುರುಮನೆ ಚಾಮುಂಡೇಶ್ವರಿ ಪಕ್ಕದವಳಿಗೆ, "ಈ ಮನೇಲೂ ಕಾಲ ಬದಲಾಯ್ತು ಕಣ್ರೀ" ಎಂದದ್ದು ಕೇಳಿಸಿತು. ಅವಳ ಕೈಗೆ ಕೊಬ್ಬರಿಮಿಠಾಯಿ ಎರಡು ಹೆಚ್ಚು ಹಾಕಿದೆ. ಬಾಯಿಗೆ ಕೆಲಸವಿರಲಿ.

೧೯ ಅಕ್ಟೋಬರ್

ಮಹದೇವಮ್ಮ ಬಂದಳು. ಕಡಲಹಸುವಿಗೆ ಕುಂಕುಮ ಇಟ್ಟಳು — "ಹಸು ಅಂದ್ಮೇಲೆ ಇಡ್ದೆ ಇರೋದೆಂಗೆ?" ಎಲ್ಲರೂ ನಕ್ಕರು, ಗಿರಿಜೆಯೂ. ಆಮೇಲೆ ಮಹದೇವಮ್ಮ ಕಂಬಹಲ್ಲಿನದನ್ನು ತೆಗೆದು ಕಡಲಹಸುವಿನ ಪಕ್ಕ ಇಟ್ಟಳು.

"ಇಲ್ಲ ಚಿಕ್ಕತ್ತೆ. ದೂರದ ಸಂಬಂಧ ಇರ್ಬೋದು. ಆದ್ರೂ ಅದಕ್ಕೆ ಬೇರೆ ಮೆಟ್ಟಿಲು ಬೇಕು."

ನಾನು ಹೇಳಿಕೊಡದೆಯೇ ಬಂದ ಮಾತು.

ನಿಜವಾಗಿಯೇ ಸಿಟ್ಟು ಬಂತು. ಇರುವುದು ಏಳು. ಇನ್ನೊಂದಾದರೆ ಎಂಟು. ಗೊಂಬೆಯ ಮೆಟ್ಟಿಲು ಬೆಸವಾಗಿರಬೇಕು, ಸಮ ಆಗಕೂಡದು. ನನ್ನ ಅತ್ತೆಯ ಕಾಲದಿಂದ ಹಾಗೇ. ಆಗದು ಎಂದೆ.

"ಹಾಗಾದ್ರೆ ಎರಡು ಹಾಕಿ, ಅತ್ತೆ. ಒಂಬತ್ತಾಗುತ್ತೆ."

"ಒಂಬತ್ತನೇದ್ರಲ್ಲಿ ಯಾರು ಕೂರ್ತಾರೆ?"

"ಇನ್ನೂ ಯಾರಿಗೂ ಸಿಗದೇ ಇರೋ ಪ್ರಾಣಿ. ಖಾಲಿ ಇರ್ಲಿ."

ಎಲ್ಲರೂ ನನ್ನ ಮುಖ ನೋಡಿದರು. ಏಕಾಂತನನ್ನು ಕರೆದು ಹಲಗೆ ತರಿಸಿದೆ. ಎರಡು.

೩ ನವೆಂಬರ್, ಮಧ್ಯಾಹ್ನ

ವೈವಾಕ್ಕೆ ಗಿರಿಜೆಯ ಜೊತೆಗೆ ಹೋದೆ. ಬಾಗಿಲ ಹೊರಗೆ ಬೆಂಚು. ಒಳಗೆ ಅವರೇ, ಮದರಾಸಿನವರು. ಇಂಗ್ಲಿಷು. ನನಗೆ ತಿಳಿಯುತ್ತದೆ. ಮೊದಲೆಲ್ಲ ಸಲೀಸು. ಆಮೇಲೆ ದನಿಯಲ್ಲಿ ಬೆಣ್ಣೆ ತಂದುಕೊಂಡು ಕೇಳಿದರು: ಕಂಬಹಲ್ಲಿನದನ್ನು ಕಡಲಹಸುವಿನ ಗಣಕ್ಕೇ ಸೇರಿಸಿಬಿಡೋಣ, ಏನಂತೀರಿ?

ಛತ್ರಿಯ ಹಿಡಿ ಒತ್ತಿ ಹಿಡಿದೆ.

"ನೋ, ಸಾರ್."

ಸೊಳ್ಳೆಯಲ್ಲ. ಬೀದಿಗೆ ಕೇಳುವಂತೆ. ಅದಕ್ಕೆ ಬೇರೆಯೇ ಮೆಟ್ಟಿಲು ಬೇಕು ಎಂದಳು. "ಮೆಟ್ಟಿಲೇ?" ಎಂದರು ಅವರು. ನಾಲಿಗೆ ತಪ್ಪಿತು ಎಂದುಕೊಂಡೆ. ಅವಳು ತಡವರಿಸಲಿಲ್ಲ. ಬೇರೆ ಗಣ ಸಾರ್ ಎಂದು ತಿದ್ದಿಕೊಂಡು ಹಲ್ಲು, ಕಾಲು, ತಲೆಬುರುಡೆ ಒಂದೊಂದಾಗಿ ಬಿಡಿಸಿಟ್ಟಳು. ಕೊನೆಗೆ, "ಪಕ್ಕದಲ್ಲಿ ಒಂದು ಖಾಲಿ ಬಿಟ್ಟಿದ್ದೇವೆ, ಸಾರ್. ಇನ್ನೂ ಸಿಗದಿರುವುದಕ್ಕೆ."

ನಾವು, ಎಂದಳು.

ಮದರಾಸಿನವರು ಜೋರಾಗಿ ನಕ್ಕರು. ನಾವು ಎಂದರೆ ಯಾರು ಎಂದು ಕೇಳಿ, ಬಾಗಿಲು ತೆರೆದು ಅವರೇ ಹೊರಬಂದು ನನಗೆ ಕೈಮುಗಿದರು. ಪಾಸು. ಇಡೀ ದಾರಿ ಛತ್ರಿ ಬಿಚ್ಚದೆ ಬಿಸಿಲಿನಲ್ಲೇ ನಡೆದೆ. ಕಂಡವರೆಲ್ಲ ಮುಖ ನೋಡಲಿ.

ಅದೇ ದಿನ, ರಾತ್ರಿ

ಪುಸ್ತಕ ಅಟ್ಟಕ್ಕೆ ಹೋಗಲಿಲ್ಲ. ಅಟ್ಟದಿಂದ ನನ್ನ ಹಳೆಯ ಭೂಗೋಳದ ಪುಸ್ತಕ ಇಳಿಸಿದೆ. ಕಡಲಹಸು ಬಾಳಿದ ಕಡಲು ಅದರಲ್ಲಿ ಎಲ್ಲಿದೆ ನೋಡಬೇಕು.

ಮಹದೇವಮ್ಮ ಮಲ್ಲಿಗೆ ತಂದು ಗಿರಿಜೆಗೆ ಮುಡಿಸಿದಳು. "ಕಲ್ಸಿದ್ದು ಯಾರು ಅಂತ ಗೊತ್ತು ಬುಡಿ, ಅತ್ತಿಗೆ" ಎಂದಳು. ಅಲ್ಲ ಎನ್ನಲಿಲ್ಲ.

ಎಲ್ಲರೂ ಊಟಕ್ಕೆ. ಅಡಿಗೆ ನಾನೇ ಮಾಡಿದ್ದೆ. ಗಿರಿಜೆ ಹುಳಿ ಕಲಸಿ ಒಂದು ತುತ್ತು ಬಾಯಿಗಿಟ್ಟು, ಕಣ್ಣೆತ್ತಿ, ಎಲ್ಲರೆದುರು ಹೇಳಿದಳು: "ಅತ್ತೆ, ಉಪ್ಪು ಕಡಿಮೆ."

ಮೂವತ್ತು ವರ್ಷದಲ್ಲಿ ಈ ಮನೆಯಲ್ಲಿ ಯಾರೂ ಆ ಮಾತು ಆಡಿಲ್ಲ. ಏಕಾಂತನ ಕೈ ಎಲೆಯ ಮೇಲೇ ನಿಂತಿತು.

ಎಲ್ಲರೂ ಎದ್ದಮೇಲೆ ಒಬ್ಬಳೇ ರುಚಿ ನೋಡಿದೆ. ಹುಳಿಗೆ ನಿಜವಾಗಿಯೂ ಉಪ್ಪು ಕಡಿಮೆಯೇ.