ಒಣಗದ ಬೆರಳುಗಳು

ಚೇಚಿ,

ಎಬ್ಬಿಸಿದ್ದರೆ ನೀನೂ ಸಿಗಡಿ ಶೆಡ್ಡಿಗೆ ಹೊರಡುತ್ತಿದ್ದೆ, ಅದಕ್ಕೇ ಎಬ್ಬಿಸಲಿಲ್ಲ. ನಿನ್ನ ಜಾಗ ಬೇರೆಯವರಿಗೆ ಹೋಗದಿರಲಿ ಎಂದು ಇವತ್ತೂ ನಿನ್ನ ಬೋಗುಣಿಯ ಸಿಗಡಿಯನ್ನೂ ನಾನೇ ಸುಲಿಯುತ್ತೇನೆ.

ಮಡಕೆಯಲ್ಲಿ ಗಂಜಿ ಇದೆ. ಚಮಚದಲ್ಲಿ ಕುಡಿ, ಪಾತ್ರೆ ತೊಳೆಯಬೇಡ.

ನಿನ್ನ ಬೆರಳಿನ ರಬ್ಬರ್ ಟೋಪಿಗಳನ್ನು ಹಿನ್ನೀರಿಗೆ ಎಸೆದಿದ್ದೇನೆ, ಹುಡುಕಬೇಡ. ಹಳೇ ಗ್ಲೌಸಿನ ಬೆರಳು ಕತ್ತರಿಸಿ, ಎಣ್ಣೆ ಸವರಿ, ನೀರು ಹೋಗಬಾರದೆಂದು ದಾರ ಬಿಗಿದು ಮಲಗುವಾಗಲೂ ಹಾಕಿಕೊಳ್ಳುತ್ತಿದ್ದೆಯಲ್ಲ, ಬೆವರೆಲ್ಲ ಒಳಗೇ ಉಳಿದು ಉಗುರಿನ ಆ ರೋಗವನ್ನು ನೀನೇ ಸಾಕಿದ ಹಾಗಾಯಿತು.

ಡಾಕ್ಟರಮ್ಮ ಹೇಳಿದ್ದನ್ನು ನೀನೂ ಕೇಳಿದ್ದೀಯ. "ಅಪ್ಪಂ ಹಿಟ್ಟು ಉಬ್ಬಿಸತ್ತಲ್ಲಮ್ಮ, ಆ ಯೀಸ್ಟಿನ ದಾಯಾದಿ ಇದು. ಎಲ್ಲರ ಮೈಯಲ್ಲೂ ಸುಮ್ಮನೆ ಇರತ್ತೆ. ನಿಮ್ಮ ಕೈ ಐಸ್ ನೀರಲ್ಲಿ ನೆಂದು ನೆಂದು ಉಗುರಿನ ಬುಡ ಬಿಟ್ಟುಕೊಂಡಿದೆ, ಅಲ್ಲಿಂದ ಒಳಗೆ ಇಳಿದಿದೆ. ಮುಲಾಮು ಹಚ್ಚಿದ್ರೆ ವಾಸಿಯಾಗತ್ತೆ. ಆದ್ರೆ ತಿಂಗಳುಗಟ್ಟಲೆ ಕೈ ಒಣಗಿರಬೇಕು."

"ಅದನ್ನ ಸಿಗಡಿಗೆ ಹೇಳಿ ಡಾಕ್ಟ್ರೇ" ಅಂದೆ ನೀನು. ಅವರು ಸಿಟ್ಟಾದರು. ನನಗೆ ನಗು ಬಂತು, ಆಮೇಲೆ ಬಸ್ಸಿನಲ್ಲಿ ಅಳು ಬಂತು.

ಸಂತ ಅಂತೋನಿಗೆ ಮೇಣದಬತ್ತಿ ಹಚ್ಚುವುದಿದ್ದರೆ ಹಚ್ಚು, ಮೊದಲು ಮುಲಾಮು ಹಚ್ಚಿಕೊ. ಬೆಳಿಗ್ಗೆ ಒಮ್ಮೆ, ಮಲಗುವಾಗ ಒಮ್ಮೆ, ಉಗುರಿನ ಬುಡಕ್ಕೆ. ಬಟ್ಟೆ ಕಟ್ಟಬೇಡ, ಗಾಳಿಯಾಡಲಿ. ವಾಸಿಯಾದರೂ ಮತ್ತೆ ಅದೇ ಬೋಗುಣಿಯ ಮುಂದೆ ಕೂರಬೇಕು ಎಂದು ನನಗೂ ಗೊತ್ತು. ಆದರೂ ಹಚ್ಚಿಕೊ.

ಅಕ್ಷರ ಸೊಟ್ಟಗಿದೆ ಎಂದು ಬೈಯಬೇಡ. ಎಡಗೈಯಲ್ಲಿ ಬರೆದಿದ್ದೇನೆ.

ಮುಲಾಮಿನ ಟ್ಯೂಬನ್ನು ಪೂರ್ತಿ ಹಿಂಡಬೇಡ. ನನಗೂ ಸ್ವಲ್ಪ ಇರಲಿ.

ನಿನ್ನ ತಂಗಿ, ಫಿಲೋ